ಕಡಲಿನ ವಿಶ್ರಾಂತಿಯ ವೆಚ್ಚ ಯಾರದು?

ತಪಸ್ಸುಕಾಲದ ಶುಕ್ರವಾರಗಳಂದು ಮಾಂಸವನ್ನು ತ್ಯಜಿಸಿ ಮೀನಿನೂಟ ಮಾಡುವ ರೂಢಿ ಚಾಮರಾಜಪೇಟೆ, ಮಲ್ಲೇಶ್ವರಗಳ ನಮ್ಮ ಕುಟುಂಬಗಳಲ್ಲಿ ಇಂದಿಗೂ ಉಂಟು. ಬಂಗುಡೆಯ ಬೆಲೆ ಏರಿದರೆ ಗೊಣಗುತ್ತೇವೆ. ಆದರೆ ಮುಂದಿನ ವರ್ಷವೂ ಆ ಮೀನು ಕಡಲಿನಲ್ಲಿರುವಂತೆ ನೋಡಿಕೊಳ್ಳುವ ವೆಚ್ಚ ಯಾರದೆಂದು ಕೇಳುವವರು ವಿರಳ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಬೂತಾಯಿಯಂತಹ ಮೀನುಗಳು ಮೊಟ್ಟೆಯಿಡುವ ಕಾಲವದು. ಈ ಸಂಯಮದ ಫಲ ಇಡೀ ನಾಡಿಗೆ. ಹಸಿವು ಮಾತ್ರ ಬೋಟಿನ ಕೆಲಸಗಾರನ ಮನೆಗೆ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಬಡ ಮೀನುಗಾರನಿಗೆ ನಿಗದಿಯಾದದ್ದು 4,500 ರೂಪಾಯಿ. ಅದರಲ್ಲಿಯೂ 1,500 ರೂಪಾಯಿ ಆತನೇ ಉಳಿಸಿ ಕಟ್ಟಿದ ಹಣ! 2020ರಲ್ಲಿ ಅದೇ ಯೋಜನೆಗೆ ಘೋಷಿಸಲಾದ ಹೂಡಿಕೆ 20,050 ಕೋಟಿ. ಒಳನಾಡಿನದೂ ಸೇರಿ ಮೀನಿನ ಉತ್ಪಾದನೆಯನ್ನು 220 ಲಕ್ಷ ಟನ್ನಿಗೆ ಏರಿಸುವುದು ಅದರ ಗುರಿಯಾಗಿತ್ತು.

ಬಂದರು, ಮಂಜುಗಡ್ಡೆ ಘಟಕ, ಶೈತ್ಯಾಗಾರಗಳು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಹಿಡಿಯುವ ಸಾಧನಕ್ಕೆ ಧಾರಾಳವಾಗಿ ಕೊಟ್ಟು, ಹಿಡಿಯಬೇಕಾದ ಜೀವರಾಶಿಯ ಪಾಲನೆಗೆ ಕೈ ಬಿಗಿ ಹಿಡಿಯುವುದು ಯಾವ ತರ್ಕ? ಅಳಿವೆ, ಕಾಂಡ್ಲಾ ಕಾಡು, ಕಡಲ ತಳ, ದೊಡ್ಡ ಮೀನು, ಅದಕ್ಕೆ ಆಹಾರವಾಗುವ ಸಣ್ಣ ಮೀನು, ಬಲೆ ಬೀಸುವ ಮನುಷ್ಯ – ಇವೆಲ್ಲವೂ ಒಂದೇ ಮನೆವಾರ್ತೆ. ಅನೇಕರಿಗೆ ಸೇರಿದ ವಸ್ತುವಿಗೆ ಆರೈಕೆ ಅತಿ ಕಡಿಮೆಯೆಂದು ಅರಿಸ್ಟಾಟಲ್ ಎಂದೋ ಗುರುತಿಸಿದ್ದ. ಮಿತಿಯಿಲ್ಲದ ಮೀನುಗಾರಿಕೆಯ ಕುರಿತು ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಎಚ್ಚರಿಸಿದ್ದಾರೆ.

ಪ್ರಖರ ದೀಪ ಹಚ್ಚಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. ಆದರೆ ಆದೇಶ ಹೊರಡಿಸಿದಷ್ಟು ಸುಲಭವೇ ರಾತ್ರಿಯ ಕಡಲನ್ನು ಕಾಯುವುದು? ಗಸ್ತು ದೋಣಿ ಬೇಕು, ಇಂಧನ ಬೇಕು, ಸಂಬಳದ ಸಿಬ್ಬಂದಿ ಬೇಕು. ಇತ್ತ ಮರಿಮೀನುಗಳು ಮೀನುಹಿಟ್ಟಿನ ಕಾರ್ಖಾನೆ ಸೇರಿ, ಸಿಗಡಿಗೂ ಕೋಳಿಗೂ ಮೇವಾಗುತ್ತವೆ. ಮೀನು ಮುಟ್ಟದವರ ತಟ್ಟೆಗೂ ಕಡಲು ಹೀಗೆ ಬರುತ್ತದೆ. ಬಸವನಗುಡಿಯ ನಮ್ಮ ಸಸ್ಯಾಹಾರಿ ನೆರೆಯವರ ತೆರಿಗೆಯೂ ಇದರಲ್ಲಿದೆಯೆಂಬುದನ್ನು ಮರೆಯಲಾಗದು.

ಬೋಟುಗಳಿಗೆ ದೊರೆಯುವ ಡೀಸೆಲ್ ತೆರಿಗೆ ವಿನಾಯಿತಿಯನ್ನು ನಿಯಮಬದ್ಧ ಬಲೆ ಬಳಸುವವರಿಗಷ್ಟೇ ಮೀಸಲಿಡಬೇಕೆಂಬುದು ನಮ್ಮ ಅಭಿಪ್ರಾಯ. ಸಾಲದಲ್ಲಿರುವ ಮಾಲೀಕರು ಇದಕ್ಕೆ ಒಪ್ಪಲಾರರು. ಅವರ ಕಷ್ಟ ಸುಳ್ಳಲ್ಲ. ಆದುದರಿಂದ ಬಲೆ ಬದಲಿಸುವ ಖರ್ಚನ್ನು ಸರಕಾರವೇ ಮೊದಲು ಭರಿಸಲಿ. ಅದಕ್ಕಿಂತಲೂ ತುರ್ತಾಗಿ, ನಿಷೇಧಕಾಲದ ನೆರವು ಎರಡು ತಿಂಗಳ ಅಕ್ಕಿಗಾದರೂ ಸಾಲುವಂತಿರಬೇಕು. ಅದು ಮಕ್ಕಳ ಪುಸ್ತಕ ಕೊಳ್ಳುವ ಜೂನ್ ಮೊದಲ ವಾರದಲ್ಲಿಯೇ ಖಾತೆಗೆ ಸೇರಬೇಕು.