ಮೂರು ಚುಕ್ಕಿಗಳ ಹಿಂದೆ

ಮಧ್ಯಾಹ್ನದ ಮೂರು ಗಂಟೆ. ಮಗ ಸೊಸೆ ಕಛೇರಿಗೆ, ಮೊಮ್ಮಗ ಶಾಲೆಗೆ, ಮನೆಯಲ್ಲಿ ಅಜ್ಜಿಯೊಬ್ಬರೇ. ಊರಿನಲ್ಲಿರುವ ತಂಗಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಕಳುಹಿಸುವುದು ಅವರು ಬಹುಕಾಲದಿಂದ ನಡೆಸಿಕೊಂಡು ಬಂದ ವಾಡಿಕೆ. ಹಿಂದೆ ಮನಿಯಾರ್ಡರು, ಈಗ ಮೊಬೈಲಿನೊಳಗಿನ ಬ್ಯಾಂಕಿನ ಆ್ಯಪು. ಅದರ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ ಕೊಟ್ಟವನು ಮೊಮ್ಮಗನೇ. ಅಜ್ಜಿ ಕನ್ನಡಕವೇರಿಸಿ, ಒಂದೊಂದೇ ಪುಟವನ್ನು ದಾಟಿ, ಕಡೆಯ ಪುಟಕ್ಕೆ ಬಂದರು. ಪರದೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಇದ್ದುದು ಇಷ್ಟು: ‘ಹಣ ವರ್ಗಾವಣೆ…’. ಅದರ ಕೆಳಗೆ ತಂಗಿಯ ಹೆಸರು, ಮೊತ್ತ; ಎಲ್ಲಕ್ಕಿಂತ ಕೆಳಗೆ ‘ಮುಂದುವರಿಯಿರಿ’ ಎಂಬ ಗುಂಡಿ.

ಮುಂದುವರಿದರೆ ಹಣ ಹೋಗುವುದೋ, ನಿಲ್ಲುವುದೋ? ಹಿಂದೊಮ್ಮೆ ಒಂದು ಕಂತನ್ನು ತಡೆಯಹೊರಟಾಗಲೂ ಇದೇ ತಲೆಬರಹ, ಇದೇ ಗುಂಡಿ ಕಂಡಂತೆ ನೆನಪು. ಎತ್ತಿದ ಬೆರಳು ಎತ್ತಿದಂತೆಯೇ ನಿಂತಿತು.

ಶಾಲೆಯಿಂದ ಬಂದ ಹುಡುಗ ಚೀಲವನ್ನು ಕೂಡ ಇಳಿಸದೆ ಫೋನನ್ನು ತೆಗೆದುಕೊಂಡು ಅಡ್ಡಕ್ಕೆ ತಿರುಗಿಸಿದ. ಪರದೆ ಅಗಲವಾಯಿತು, ತಲೆಬರಹ ಪೂರ್ತಿಯಾಗಿ ಹೊರಬಂದಿತು: ‘ಹಣ ವರ್ಗಾವಣೆಯನ್ನು ರದ್ದುಪಡಿಸಿ’.

“ಸದ್ಯ, ನೀನು ಒತ್ತಲಿಲ್ಲವಲ್ಲ ಅಜ್ಜೀ!”

“ಮುಖ್ಯವಾದ ಮಾತು ಬರೋ ಹೊತ್ತಿಗೆ ಚುಕ್ಕಿ ಇಟ್ಟು ನಿಲ್ಲಿಸಿದ್ದಾರಲ್ಲೋ, ಧಾರಾವಾಹಿಯ ಹಾಗೆ!” ಎಂದರು ಅಜ್ಜಿ.

ಧಾರಾವಾಹಿಯಾದರೆ ಮುಂದಿನ ವಾರ ತಿಳಿದೀತು. ಇಲ್ಲಿ ಬೆರಳು ಈಗಲೇ ಬೀಳಬೇಕು.

ಪರದೆಯ ಮೇಲಂಚಿನಲ್ಲಿರುವ ಈ ಪಟ್ಟಿಗೆ ಶೀರ್ಷಿಕೆಪಟ್ಟಿಯೆಂದು ಹೆಸರು. ಅಂಗಡಿಗೆ ಫಲಕವಿದ್ದಂತೆ ಪುಟಕ್ಕೆ ಇದು. ‘ಎಲ್ಲಿದ್ದೇನೆ, ಹಿಂದಿರುಗುವ ದಾರಿ ಯಾವುದು, ಇಲ್ಲಿ ಏನೇನು ಮಾಡಬಹುದು’ ಎಂಬ ಮೂರು ಪ್ರಶ್ನೆಗಳಿಗೂ ಅದು ಒಂದೇ ಸಾಲಿನಲ್ಲಿ ಉತ್ತರ ಹೇಳಬೇಕು. ಎಡಗಡೆಯ ಬಾಣ, ನಡುವಣ ಹೆಸರು, ಬಲಗಡೆಯ ಚಿತ್ರಗಳು ಇವೇ ಆ ಉತ್ತರಗಳು. 2011ರಲ್ಲಿ ಆಂಡ್ರಾಯ್ಡಿನ ಮೂರನೆಯ ಆವೃತ್ತಿಯೊಡನೆ ‘ಆ್ಯಕ್ಷನ್ ಬಾರ್’ ಎಂಬ ಸಿದ್ಧ ಪಟ್ಟಿ ಬಂದಿತು. 2014ರ ಐದನೆಯ ಆವೃತ್ತಿಯಲ್ಲಿ ‘ಟೂಲ್‌ಬಾರ್’ ಬಂದ ಮೇಲೆ ಆ್ಯಪನ್ನು ಕಟ್ಟುವವನಿಗೆ ಸ್ವಾತಂತ್ರ್ಯ ಹೆಚ್ಚಿತು. ಪಟ್ಟಿಯನ್ನು ಎಲ್ಲಿ ಬೇಕಾದರೂ ಇರಿಸಬಹುದು, ಅದರೊಳಗೆ ಏನನ್ನು ಬೇಕಾದರೂ ತುಂಬಬಹುದು. ಸ್ವಾತಂತ್ರ್ಯ ದೊರೆತವನು ಮೊದಲು ಮಾಡುವ ಕೆಲಸ ತುಂಬುವುದೇ ಅಲ್ಲವೆ? ಹುಡುಕುವ ಭೂತಗನ್ನಡಿ, ಗಂಟೆ, ಹಂಚುವ ಗುರುತು — ಹಬ್ಬದ ದಿನ ಬಾಗಿಲಿಗೆ ತೋರಣ ಕಟ್ಟಿದಂತೆ ಸಾಲುಸಾಲು.

ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಆಂಡ್ರಾಯ್ಡಿನಲ್ಲಿ ಅಳತೆಗೆ ‘ಡಿಪಿ’ ಎಂಬ ಮಾನವಿದೆ. ಇಂಚಿಗೆ 160ರಂತೆ ಎಣಿಕೆ. (ವಾಟ್ಸಾಪಿನ ಭಾವಚಿತ್ರಕ್ಕೂ ಜನ ಇದೇ ಹೆಸರನ್ನು ಇಟ್ಟಿದ್ದಾರೆ; ಎರಡಕ್ಕೂ ನಂಟಿಲ್ಲ.) ಬಹಳಷ್ಟು ಫೋನುಗಳ ಪರದೆ 360 ಡಿಪಿಯ ಆಸುಪಾಸು ಅಗಲ. ಬಾಣವೂ ಅದರ ಪಕ್ಕದ ತೆರಪೂ ಸೇರಿ ಎಡಗಡೆ 72 ಹೋಯಿತು. ಬೆರಳಿಗೆ ಸಿಕ್ಕುವಂತಿರಲು ಒಂದೊಂದು ಚಿತ್ರಕ್ಕೂ 48 ಬೇಕು, ಮೂರಕ್ಕೆ 144. ಉಳಿದದ್ದು 144. ಶೀರ್ಷಿಕೆಯ ಸಾಮಾನ್ಯ ಗಾತ್ರದಲ್ಲಿ ಆ ಜಾಗದೊಳಗೆ ಕನ್ನಡದ ಏಳೆಂಟು ಅಕ್ಷರ ಹಿಡಿದರೆ ಹೆಚ್ಚು. ಅಜ್ಜಿ ಓದಬೇಕಾಗಿದ್ದ ತಲೆಬರಹದಲ್ಲಿ ಹದಿಮೂರು ಅಕ್ಷರಗಳಿವೆ. ಹಿಡಿಯದ ಬಾಲವನ್ನು ಕತ್ತರಿಸಿ ಯಂತ್ರ ಮೂರು ಚುಕ್ಕಿಯನ್ನಿಟ್ಟಿತು.

ಬಾಲವನ್ನೇ ಏಕೆ ಕತ್ತರಿಸಿತು? ಇಂಗ್ಲಿಷಿನವರು ‘ಕ್ಯಾನ್ಸಲ್ ಟ್ರಾನ್ಸ್‌ಫರ್’ ಎಂದು ಕ್ರಿಯೆಯನ್ನು ಮುಂದಿಟ್ಟು ಬರೆಯುತ್ತಾರೆ. ತುದಿ ಉದುರಿದರೂ ಕ್ಯಾನ್ಸಲ್ ಉಳಿದುಕೊಳ್ಳುತ್ತದೆ, ಅನಾಹುತವಾಗದು. ಕನ್ನಡದ ವಾಕ್ಯದ ಪ್ರಾಣವಿರುವುದು ಕಡೆಯ ಕ್ರಿಯಾಪದದಲ್ಲಿ. ‘ಹಣ ವರ್ಗಾವಣೆಯನ್ನು ದೃಢಪಡಿಸಿ’, ‘ಹಣ ವರ್ಗಾವಣೆಯನ್ನು ರದ್ದುಪಡಿಸಿ’ — ಒಂದಕ್ಕೊಂದು ನೇರ ವಿರುದ್ಧವಾದ ಈ ಎರಡು ಆಜ್ಞೆಗಳ ತಲೆಗಳು ಅವಳಿಜವಳಿ, ಭೇದವೆಲ್ಲ ಬಾಲದಲ್ಲಿ. ಇಂಗ್ಲಿಷಿನ ಅಂಗಿಗೆ ತೆಗೆದ ಅಳತೆಯಿಂದ ಕನ್ನಡಕ್ಕೂ ಕತ್ತರಿಯಾಡಿಸಿದವರು, ಹೋದದ್ದು ತೋಳಿನ ಅಂಚೋ ತೋಳೋ ಎಂಬುದನ್ನು ನೋಡಲಿಲ್ಲ.

ಅಗಲದ ಪಾಡು ಇದಾದರೆ ಎತ್ತರದ್ದು ಬೇರೆ ಕಥೆ. ಪಟ್ಟಿಯ ರೂಢಿಯ ಎತ್ತರ 56 ಡಿಪಿ, ಎಂದರೆ ಸುಮಾರಾಗಿ ಒಂದು ಸೆಂಟಿಮೀಟರು. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಸ್ಥಳ ದೊರೆಯಿತು. ಅಕ್ಷರಗಳು ಮೂಡಿದವು, ಸರಿ. ಆದರೆ ಒತ್ತಕ್ಷರಕ್ಕೆ ಕಾಲು ಚಾಚಲು ಕೆಳಗೆ ಎಡೆ ಬೇಕಲ್ಲ! ಸೀಸದ ಮೊಳೆ ಜೋಡಿಸುತ್ತಿದ್ದವರು ಸಾಲು ಸಾಲಿನ ನಡುವೆ ತೆಳುಪಟ್ಟಿಯನ್ನಿಟ್ಟು ಎಡೆಮಾಡುತ್ತಿದ್ದರು. ಅಂಗಡಿಯ ಫಲಕ ಬರೆಯುವ ಪೇಂಟರಿಗೂ ಇದು ಗೊತ್ತು. ಆಂಡ್ರಾಯ್ಡು ಕೂಡ ತಾನಾಗಿಯೇ ಅಕ್ಷರದ ಮೇಲೂ ಕೆಳಗೂ ಒಂದಿಷ್ಟು ತೆರಪನ್ನು ಬಿಡುವಂತಹುದೇ. ಇಂಗ್ಲಿಷಿನಲ್ಲಿ ಪರೀಕ್ಷಿಸುವ ವಿನ್ಯಾಸಕಾರನ ಕಣ್ಣಿಗೆ ಅದು ವ್ಯರ್ಥವಾಗಿ ಕಂಡು, ಅವನು ಅದನ್ನು ಆರಿಸಿಬಿಡುವುದುಂಟು. ಆಗ ಪಟ್ಟಿಯ ಕೆಳಗಂಚು ಒತ್ತನ್ನು ಕೊಯ್ಯುತ್ತದೆ. ‘ಹಳ್ಳಿ’ ಹೋಗಿ ‘ಹಳಿ’ಯಾದೀತು, ‘ಕತ್ತೆ’ ಹೋಗಿ ‘ಕತೆ’ಯಾದೀತು. ಇನ್ನು ವಯಸ್ಸಾದವರು ಅಕ್ಷರವನ್ನು ದೊಡ್ಡದು ಮಾಡಿಕೊಳ್ಳುವುದು ಸಹಜ. 2023ರ ಆಂಡ್ರಾಯ್ಡ್ 14ರಲ್ಲಿ ಅಕ್ಷರವನ್ನು ಎರಡರಷ್ಟಕ್ಕೆ ಹಿಗ್ಗಿಸುವ ಅವಕಾಶ ಬಂದಿದೆ. ಅಕ್ಷರ ಬೆಳೆದು ಪಟ್ಟಿ ಬೆಳೆಯದಿದ್ದರೆ, ಕಣ್ಣು ಸೋತವರಿಗೆಂದು ಕೊಟ್ಟ ಅನುಕೂಲವೇ ಅವರು ಓದಬೇಕಾದ ಸಾಲನ್ನು ನುಂಗುತ್ತದೆ.

ಪರಿಹಾರ ಕಷ್ಟದ್ದಲ್ಲ, ಅದೇ ಬೇಸರದ ಸಂಗತಿ. ಮೂರು ಚಿತ್ರಗಳಲ್ಲಿ ಎರಡನ್ನು ಪಟ್ಟಿಯಿಂದ ಇಳಿಸಿ ಪುಟದೊಳಗೆ ಕಳುಹಿಸಿದರೆ 96 ಡಿಪಿ ಮರಳಿ ಬರುತ್ತದೆ. (ಬಲತುದಿಯ ನೆಟ್ಟನೆಯ ಮೂರು ಚುಕ್ಕಿಯ ಗುಂಡಿಯ ಹಿಂದೆ ಬಚ್ಚಿಡುವುದೂ ಒಂದು ಮಾರ್ಗ. ಅಡ್ಡ ಚುಕ್ಕಿ ಮಾತನ್ನು ನುಂಗುತ್ತದೆ, ಉದ್ದ ಚುಕ್ಕಿ ಕೆಲಸವನ್ನು ನುಂಗುತ್ತದೆ!) ಕತ್ತರಿಸಲೇಬೇಕಾದರೆ ಕೊನೆಯನ್ನು ಬಿಟ್ಟು ನಡುವನ್ನು ಕತ್ತರಿಸೆಂದು ಯಂತ್ರಕ್ಕೆ ಹೇಳಬಹುದು, ಆಗ ಆದಿಯೂ ಅಂತ್ಯವೂ ಉಳಿಯುತ್ತವೆ. ಶೀರ್ಷಿಕೆಗೆ ಎರಡು ಸಾಲನ್ನು ಕೊಟ್ಟು, ಪಟ್ಟಿಯ ಎತ್ತರವನ್ನು ಅಕ್ಷರಕ್ಕೆ ತಕ್ಕಂತೆ ಬೆಳೆಯಬಿಡಬಹುದು. ಐಫೋನಿನಲ್ಲಿ ಶೀರ್ಷಿಕೆ ನಡುವಿನಲ್ಲಿ ಕೂರುವುದು ಹಳೆಯ ಸಂಪ್ರದಾಯ. ಇಕ್ಕೆಲದ ಗುಂಡಿಗಳು ಅದನ್ನು ಒತ್ತರಿಸುತ್ತವೆ. ಆ್ಯಪಲ್ ಸಂಸ್ಥೆ 2017ರಲ್ಲಿ ಐಒಎಸ್ 11ರೊಡನೆ ಗುಂಡಿಗಳ ಕೆಳಗೆ ಪ್ರತ್ಯೇಕ ಸಾಲಿನಲ್ಲಿ ನಿಲ್ಲುವ ದೊಡ್ಡ ಶೀರ್ಷಿಕೆಯನ್ನು ತಂದಿತು. ಪುಟವನ್ನು ಮೇಲಕ್ಕೆ ಸರಿಸಿದಾಗ ಅದು ಕುಗ್ಗಿ ತನ್ನ ಹಳೆಯ ಜಾಗವನ್ನು ಸೇರುತ್ತದೆ. ಕನ್ನಡಕ್ಕೆ ಇದು ಒಪ್ಪುವ ಏರ್ಪಾಡು.

ಎಲ್ಲಕ್ಕಿಂತ ಅಗ್ಗದ ಮದ್ದು ಯಂತ್ರದಲ್ಲಿಲ್ಲ, ಭಾಷೆಯಲ್ಲಿದೆ. ‘ಹಣ ವರ್ಗಾವಣೆಯನ್ನು ರದ್ದುಪಡಿಸಿ’ ಎಂಬುದು ಇಂಗ್ಲಿಷನ್ನು ಎದುರಿಗಿಟ್ಟುಕೊಂಡು ಮಾಡಿದ ಮಾತು. ‘ವರ್ಗಾವಣೆ ರದ್ದು’ ಎಂದರೆ ಆರೇ ಅಕ್ಷರ. ಇಕ್ಕಟ್ಟಾದ ಪಟ್ಟಿಯಲ್ಲಿಯೂ ಚುಕ್ಕಿಯಿಲ್ಲದೆ ಹಿಡಿಯುತ್ತದೆ. ಪಟ್ಟಿಯನ್ನು ರಚಿಸುವವನಿಗೆ ಕನ್ನಡ ಬಾರದು. ಅನುವಾದಿಸುವವನಿಗೆ ಪಟ್ಟಿ ಕಾಣದು, ಅವನ ಮುಂದಿರುವುದು ಬರಿಯ ಮಾತುಗಳ ಪಟ್ಟಿ. ಇಬ್ಬರೂ ಒಂದು ಗಳಿಗೆ ಒಂದೇ ಫೋನಿನ ಮುಂದೆ ಕುಳಿತಿದ್ದರೆ ಅಜ್ಜಿಯ ಬೆರಳು ಅಷ್ಟು ಹೊತ್ತು ಗಾಳಿಯಲ್ಲಿ ನಿಲ್ಲಬೇಕಾಗಿರಲಿಲ್ಲ.

ಅತ್ತ ಹುಡುಗ ಹಿಂದಿನ ಪುಟಕ್ಕೆ ಹೋಗಿ, ಸರಿಯಾದ ಬಾಗಿಲನ್ನು ಹುಡುಕಿ, ಫೋನನ್ನು ಅಡ್ಡವಾಗಿಯೇ ಅಜ್ಜಿಯ ಕೈಗಿತ್ತ. ‘ದೃಢಪಡಿಸಿ’ ಎಂಬುದು ಈಗ ಸ್ಪಷ್ಟವಾಗಿ ಕಾಣುತ್ತಿತ್ತು; ಆದರೆ ಮೊತ್ತವನ್ನು ಬರೆಯಲು ಹೋದೊಡನೆ ಅಂಕಿಗಳ ಫಲಕ ಮೇಲೆದ್ದು ಅರ್ಧ ಪರದೆಯನ್ನು ಮುಚ್ಚಿತು. ‘ಮುಂದುವರಿಯಿರಿ’ ಎಲ್ಲಿಯೋ ಕೆಳಗೆ ಮರೆಯಾಯಿತು.

“ಓದೋದಕ್ಕೆ ಅಡ್ಡ, ಒತ್ತೋದಕ್ಕೆ ಉದ್ದ ಅನ್ನು,” ಎನ್ನುತ್ತ ಅಜ್ಜಿ ಫೋನನ್ನು ಮತ್ತೆ ನೆಟ್ಟಗೆ ತಿರುಗಿಸಿದರು. ಚುಕ್ಕಿಗಳು ಮರಳಿ ಬಂದವು. “ನೀನು ಇಲ್ಲೇ ಕೂತಿರು. ನಾನು ಒತ್ತುತ್ತೇನೆ.”