ಸೈಕಲ್ ಬರೋ ರಸ್ತೆಯಲ್ಲಿ ಹುರುಳಿ ಒಕ್ಕೋದು

ನಮ್ಮ ಕಡೆ ರಾಗಿ ಮೆದೆ ಬಿಚ್ಚೋ ಕಾಲ, ಬೆಂಗಳೂರಿನ ಸೈಕಲ್ಲಿನವರು ನಮ್ಮ ರಸ್ತೆಗೆ ಬರೋ ಕಾಲ, ಎರಡೂ ಒಂದೇ. ಡಿಸೆಂಬರ್, ಜನವರಿ. ಅವರಿಗೆ ಬಿಸಿಲೇರದ ಬೆಳಗು ಬೇಕು, ನಮಗೆ ಮಳೆಯಿಲ್ಲದ ಹಗಲು ಬೇಕು. ಹಾಗಾಗಿ ಇಬ್ಬರೂ ಒಂದೇ ಡಾಂಬರಿನ ಮೇಲೆ ಸೇರ್ತೀವಿ. ಅವರು ಇಳಿಜಾರಿನಲ್ಲಿ ಬರ್ತಾರೆ, ನಾವು ಅದೇ ಇಳಿಜಾರಿನ ಬುಡದಲ್ಲಿ ಹುರುಳಿ ಹರಡಿರ್ತೀವಿ. ಪೊಲೀಸರು ಬಂದು ಹೇಳೋಕೆ ಮುಂಚೆ ಈ ಮಾತನ್ನು ರೈತರಾದ ನಾವೇ ಆಡಿಕೊಳ್ಳೋದು ಮರ್ಯಾದೆ ಅಂತ ಬರೀತಿದ್ದೀನಿ.

ನಮ್ಮ ಹಳ್ಳಿ ಊರಿಗಾಂ ಸ್ಟೇಷನ್ನಿನಿಂದ ಎಂಟು ಕಿಲೋಮೀಟರ್. ಕಾಮಸಮುದ್ರ, ಬೂದಿಕೋಟೆ, ಬೇತಮಂಗಲ, ಕೋಟಿಲಿಂಗದ ಕಮ್ಮಸಂದ್ರ, ಈ ಊರುಗಳ ನಡುವೆ ಇರೋದೆಲ್ಲ ಸಣ್ಣ ರಸ್ತೆಗಳು. ಪೂರ್ವಘಟ್ಟದ ಚದುರಿದ ಗುಡ್ಡಗಳು, ಕುರುಚಲು ಕಾಡು, ಅದರಾಚೆ ಒಂದು ಕಡೆ ಆಂಧ್ರ, ಒಂದು ಕಡೆ ತಮಿಳುನಾಡು. ಉದ್ದದ ಏರು ಹತ್ತಬೇಕು ಅನ್ನೋರು ನಂದಿ ಬೆಟ್ಟಕ್ಕೆ ಹೋಗ್ತಾರೆ. ನಮ್ಮಲ್ಲಿ ಹಾಗಿಲ್ಲ. ಬಂಡೆಗುಡ್ಡದ ಪಕ್ಕ ಹತ್ತಬೇಕು, ಕೆರೆ ಏರಿಗೆ ಇಳಿಯಬೇಕು, ಮತ್ತೆ ಹತ್ತಬೇಕು. ಲಾರಿ ಕಡಿಮೆ, ನೆರಳು ಅಲ್ಲಲ್ಲಿ. ಸೈಕಲ್ ತುಳಿಯೋರಿಗೆ ಇದಕ್ಕಿಂತ ಇನ್ನೇನು ಬೇಕು? ಕೆಲವರು ಒಂದೇ ದಿನಕ್ಕೆ 200 ಕಿಲೋಮೀಟರ್ ತುಳೀತಾರೆ. ಅದನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು ಅಂತ ಅವರ ಕ್ಲಬ್ಬುಗಳಲ್ಲಿ ನಿಯಮವಂತೆ. ಟೀ ಅಂಗಡಿಯಲ್ಲಿ ಕೂತು ನಮ್ಮೂರವರು ನಗ್ತಾರೆ, "ಲಕ್ಷ ರೂಪಾಯಿ ಸೈಕಲ್ಲಂತೆ, ಕ್ಯಾರಿಯರೂ ಇಲ್ಲ, ಸ್ಟ್ಯಾಂಡೂ ಇಲ್ಲ" ಅಂತ. ನನಗೂ ನಗು ಬರುತ್ತೆ. ಆದ್ರೆ ಈ ರಸ್ತೆಗಳಲ್ಲಿ ಸೈಕಲ್ ಅನ್ನೋದು ಬೆಂಗಳೂರಿನವರು ತಂದ ವಸ್ತು ಏನಲ್ಲ.

ಚಿನ್ನದ ಗಣಿ ನಡೀತಿದ್ದಾಗ ಈ ಹಳ್ಳಿಗಳಿಂದ ಎಷ್ಟು ಸೈಕಲ್ ಗಣಿ ಕಡೆಗೆ ಹೋಗ್ತಿತ್ತು ಅಂತ ಐವತ್ತು ದಾಟಿದವರನ್ನು ಕೇಳಿ. ಕೆಲಸಕ್ಕೆ ಹೋಗೋರು, ಹಾಲಿನವರು, ಸೊಪ್ಪಿನವರು, ಸೌದೆಯವರು. ನಮ್ಮಪ್ಪ ಅವರೆಕಾಯಿ ಮೂಟೆ ಕಟ್ಟಿ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ತುಳೀತಿದ್ರು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ಅದೇ ಸೈಕಲ್ ನನ್ನ ಕೈಗೆ ಬಂತು. ಏರಿನಲ್ಲಿ ಇಳಿದು ತಳ್ಳೋದು, ಇಳಿಜಾರಿನಲ್ಲಿ ಬ್ರೇಕು ನಂಬದೆ ಒಂದು ಚಪ್ಪಲಿ ಕಾಲು ನೆಲಕ್ಕೆ ಉಜ್ಜೋದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕೊಳ್ಳೋರ ಕೈಯಲ್ಲಿ ದುಡ್ಡು ಕಡಿಮೆಯಾಯ್ತು, ನಮ್ಮ ಮೂಟೆನೂ ಕಡಿಮೆಯಾಯ್ತು. ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗೋರು ಹೆಚ್ಚಾದ್ರು. ಈಗ ಪೇಟೆಯವರು "ಎಷ್ಟು ಪ್ರಶಾಂತವಾದ ರಸ್ತೆ" ಅಂತಾರಲ್ಲ, ಆ ಪ್ರಶಾಂತತೆಯಲ್ಲಿ ಅರ್ಧ ಹೀಗೆ ಬಂದದ್ದು.

ಇನ್ನು ಒಕ್ಕಣೆ ವಿಷಯ. ಹುರುಳಿ ಗಿಡ ಬಳ್ಳಿಯ ಹಾಗೆ ಹೆಣೆದುಕೊಂಡಿರುತ್ತೆ. ರಸ್ತೆಗೆ ಹಾಕಿದ್ರೆ ಬಸ್ಸು, ಟ್ರ್ಯಾಕ್ಟರು ತುಳಿದು ಒಕ್ಕಿಕೊಡುತ್ತೆ, ಸರಿ. ಸೈಕಲ್ಲಿಗೆ ಏನಾಗುತ್ತೆ? ಬೆಳಗ್ಗೆ ಇಬ್ಬನಿಗೆ ನೆನೆದ ಸೊಪ್ಪು ಜಾರುತ್ತೆ. ಬಿಸಿಲೇರಿದ ಮೇಲೆ ಬಳ್ಳಿ ಚೈನಿಗೆ, ಹಿಂದಿನ ಚಕ್ರಕ್ಕೆ ಸುತ್ತಿಕೊಳ್ಳುತ್ತೆ. ಕಾಯಿ ಒಡೆದು ಕಾಳು ಹೊರಗೆ ಬಿದ್ರೆ ಅದು ನುಣುಪು. ರಾಗಿಯಂತೂ ಸಾಸಿವೆ ಹಾಗೆ ದುಂಡಗೆ, ಅದರ ಮೇಲೆ ಬ್ರೇಕು ಹಿಡಿದರೆ ಚಕ್ರ ನಿಂತರೂ ಸೈಕಲ್ ನಿಲ್ಲಲ್ಲ. ಟೈರು ಎರಡು ಬೆರಳಿನಷ್ಟು ಅಗಲ, ಬರೋದು ಇಳಿಜಾರಿನಿಂದ, ಮುಂದೆ ಕೆರೆ ಏರಿಯ ತಿರುವು. ಒಕ್ಕಣೆಗೆ ನಾವು ಆರಿಸೋದೂ ಮರದ ನೆರಳಿಲ್ಲದ ಅಂಥ ಜಾಗವನ್ನೇ.

ಇದಕ್ಕಿಂತ ಕೆಟ್ಟದ್ದು ಕಲ್ಲು. ರಾಗಿ ಒಣಗೋಕೆ ಹಾಕಿ, ಅದರ ಮೇಲೆ ಗಾಡಿ ಹತ್ತದಿರಲಿ ಅಂತ ಸುತ್ತ ಕಲ್ಲು ಇಡ್ತೀವಿ. ಸಂಜೆ ರಾಗಿ ಬಾಚಿಕೊಂಡು ಹೋಗ್ತೀವಿ, ನಾಳೆಗೆ ಬೇಕಲ್ಲ ಅಂತ ಕಲ್ಲು ಅಲ್ಲೇ ಬಿಡ್ತೀವಿ. ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಊರಿನ ಹುಡುಗ ರಾತ್ರಿ ಅಂಥ ಕಲ್ಲಿಗೆ ಬೈಕ್ ಗುದ್ದಿ ಕಾಲು ಮುರಿದುಕೊಂಡ. ಅವನು ಬೆಂಗಳೂರಿನವನೂ ಅಲ್ಲ, ಶೋಕಿಗೆ ಬಂದವನೂ ಅಲ್ಲ, ಹಾಲು ಹಾಕಿ ಮನೆಗೆ ಹೋಗ್ತಿದ್ದ. ಅವನ ಮನೆಯವರೂ ಅದೇ ರಸ್ತೆಯಲ್ಲಿ ರಾಗಿ ಒಣಗಿಸೋರೇ. ಯಾರನ್ನು ಬೈಯೋದು?

ಪೇಟೆಯ ಸೈಕಲ್ಲಿನವರು ಭಾನುವಾರ ಬರ್ತಾರೆ, ಹೋಗ್ತಾರೆ. ನನ್ನ ಚಿಂತೆ ಸೋಮವಾರದ್ದು. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿದ್ದು 2006-07ರಲ್ಲಿ. ಹಳ್ಳಿ ಹೆಣ್ಣುಮಕ್ಕಳು ಹೈಸ್ಕೂಲು ಮುಟ್ಟಿದ್ದು ಎಷ್ಟೋ ಕಡೆ ಅದರಿಂದಲೇ. ಕೊರೋನಾ ಬಂದಾಗ ಅದು ನಿಂತಿತು. ಆ ಹಳೇ ಸೈಕಲ್ಲುಗಳನ್ನು ತಂಗಿಯರು ಇನ್ನೂ ತುಳೀತಿದ್ದಾರೆ, ಬ್ರೇಕು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಒಳ್ಳೇ ಬ್ರೇಕು, ಹೆಲ್ಮೆಟ್ಟು ಇರೋ ಪೇಟೆಯವನೇ ಹುರುಳಿ ಮೇಲೆ ಬಿದ್ದರೆ ಈ ಮಕ್ಕಳ ಗತಿ ಏನು?

ಹೊಸ ರಸ್ತೆ ಆಯ್ತಲ್ಲ ಅಂತ ಒಬ್ಬರು ಹೇಳಿದ್ರು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ನಮ್ಮ ತಾಲ್ಲೂಕನ್ನು ಸೀಳಿಕೊಂಡು ಹೋಗಿದೆ, ಹೊಸಕೋಟೆಯಿಂದ ಬೇತಮಂಗಲದ ಹತ್ತಿರದ ತನಕ 2024ರ ಕೊನೆಗೆ ಓಡಾಟಕ್ಕೆ ಬಿಟ್ಟರು. ಅದು ಕಾರಿಗೆ, ಲಾರಿಗೆ. ಸೈಕಲ್ಲಿಗೂ ಟ್ರ್ಯಾಕ್ಟರಿಗೂ ಅಲ್ಲಿ ಜಾಗವಿಲ್ಲ. ನಮಗೆ ಉಳಿದಿರೋದು ಈ ಸಣ್ಣ ರಸ್ತೆಯೇ, ಅದನ್ನೂ ಎರಡು ತಿಂಗಳು ನಾವೇ ಮುಚ್ಚಿಕೊಳ್ತೀವಿ.

ರೈತ ಯಾಕೆ ರಸ್ತೆಗೆ ಬಂದ ಅನ್ನೋದನ್ನೂ ಹೇಳಬೇಕು, ಇಲ್ಲಾಂದ್ರೆ ಇದು ಆಫೀಸಿನವರು ಹೊಡೆಸೋ ನೋಟೀಸಿನ ಹಾಗಾಗುತ್ತೆ. ಕಣ ಮಾಡೋಕೆ ಎತ್ತು ಬೇಕಿತ್ತು, ಎತ್ತು ಹೋಯ್ತು. ಗುಂಡುಕಲ್ಲು ಮನೆ ಮುಂದೆ ಕೂರೋ ಕಲ್ಲಾಯ್ತು. ಊರ ಹೊರಗಿನ ಕಣದ ಜಾಗದಲ್ಲಿ ಎಷ್ಟೋ ಕಡೆ ಸೈಟು, ಮನೆ ಎದ್ದಿವೆ. ಸಗಣಿ ಸಾರಿಸೋಕೆ ಆಳಿಲ್ಲ. ಯಂತ್ರ ತರಿಸಿದ್ರೆ ಗಂಟೆ ಲೆಕ್ಕದಲ್ಲಿ ಬಾಡಿಗೆ, ಅರ್ಧ ಎಕರೆ ಹುರುಳಿಯವನ ಹತ್ತಿರ ಅದು ಬರೋದೂ ಇಲ್ಲ. "ದುಡ್ಡು ಕೇಳದೆ ಒಕ್ಕಿಕೊಡೋದು ರಸ್ತೆ ಒಂದೇ ಅಣ್ಣಾ" ಅಂತ ನಮ್ಮೂರ ಹೆಂಗಸು ಹೇಳಿದ ಮಾತಿಗೆ ನನ್ನ ಹತ್ತಿರ ಥಟ್ಟನೆ ಉತ್ತರ ಇರಲಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ರಸ್ತೆಯೂ ದುಡ್ಡು ಕೇಳುತ್ತೆ, ಬೇರೆ ರೀತಿ ಕೇಳುತ್ತೆ. 2025-26ಕ್ಕೆ ರಾಗಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಖರೀದಿ ಕೇಂದ್ರದಲ್ಲಿ ಕಲ್ಲು ಮಣ್ಣು ಕಂಡರೆ ಮೂಟೆ ವಾಪಸು, ಇಲ್ಲ ಅಲ್ಲೇ ಜರಡಿ. ಹೊರಗೆ ದಳ್ಳಾಳಿಗೆ ಕೊಟ್ಟರೆ "ರೋಡ್ ರಾಗಿ" ಅಂತ ಅವನು ಮೊದಲೇ ಇಳಿಸ್ತಾನೆ. ಟೈರಿಗೆ ಸಿಕ್ಕಿ ನುಚ್ಚಾದ ಹುರುಳಿ, ಗಾಳಿಗೆ ಚರಂಡಿ ಪಾಲಾದದ್ದು, ಎಣ್ಣೆ ಹತ್ತಿ ಹಸು ಮೂತಿ ತಿರುಗಿಸೋ ಹೊಟ್ಟು, ಇವನ್ನೂ ಸೇರಿಸಿ. ಕಾನೂನೂ ಬಿಗಿಯಾಗಿದೆ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದ್ರೆ ಹಳೇ ದಂಡಸಂಹಿತೆಯಲ್ಲಿ 200 ರೂಪಾಯಿ ತನಕ ದಂಡ ಇತ್ತು. 2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯಲ್ಲಿ ಅದು 5,000 ತನಕ. ಅರ್ಧ ಎಕರೆ ಹುರುಳಿಯ ದುಡ್ಡು ಅದರಲ್ಲೇ ಹೋಯ್ತು.

ನಾನು ಕಣ ಬಿಟ್ಟಿಲ್ಲ. ಹೊಲದ ಮೂಲೆಯಲ್ಲಿ ಮೂವತ್ತಕ್ಕೆ ಮೂವತ್ತು ಅಡಿ. ಕೊಯ್ಲು ಮುಗಿದ ವಾರದಲ್ಲಿ ಹುಲ್ಲು ಕೆತ್ತಿ, ನೀರು ಚಿಮುಕಿಸಿ, ನೆಲ ಅರೆಹದಕ್ಕೆ ಬಂದಾಗ ದಿಮ್ಮಸಿನಿಂದ ಬಡಿದು, ಎರಡು ಸಲ ಸಗಣಿ ಸಾರಿಸ್ತೀವಿ. ಮನೆಯ ಮೂವರಿಗೆ ಎರಡು ದಿನದ ಕೆಲಸ. ಎತ್ತಿಲ್ಲ, ಅದಕ್ಕೆ ಟ್ರ್ಯಾಕ್ಟರನ್ನೇ ಸುತ್ತು ಹೊಡೆಸ್ತೀನಿ. ನನ್ನ ಕಣದಲ್ಲಿ ಇನ್ನೂ ನಾಲ್ಕು ಮನೆಯವರು ಸರದಿ ಮೇಲೆ ಒಕ್ಕುತ್ತಾರೆ, ಬಾಡಿಗೆ ಇಲ್ಲ, ಸಾರಿಸೋಕೆ ಬರಬೇಕು ಅಷ್ಟೇ. ಉದ್ಯೋಗ ಖಾತ್ರಿಯಲ್ಲಿ ಒಕ್ಕಣೆ ಕಣ ಕಟ್ಟಿಸಿಕೊಂಡ ಪಂಚಾಯ್ತಿಗಳು ಇವೆ. ಕಟ್ಟಿಸಿಕೊಳ್ಳದವರು ಗ್ರಾಮಸಭೆಯಲ್ಲಿ ಕೇಳಿಲ್ಲ, ದೇವಸ್ಥಾನದ ಕಾಂಪೌಂಡು ಕೇಳಿದ್ರು. ಹತ್ತು ಮನೆಗೊಂದು ಸಿಮೆಂಟು ಕಣ ಆಗಬೇಕು ಅನ್ನೋದು ನನ್ನ ಹಟ. ಅಲ್ಲಿವರೆಗೆ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನಕ್ಕೆ ಕೊಡೋ ಟಾರ್ಪಾಲನ್ನಾದರೂ ಹೊಲದಲ್ಲಿ ಹಾಸಿ. ಅದನ್ನು ತಂದು ಟೊಮೆಟೊ ಗಾಡಿಗೆ ಮುಚ್ಚೋರೇ ಜಾಸ್ತಿ.

ರಸ್ತೆ ಬಿಟ್ಟು ಬೇರೆ ದಾರಿಯೇ ಇಲ್ಲ ಅನ್ನೋರಿಗೆ ಈ ವರ್ಷದ ಮಟ್ಟಿಗೆ ಇಷ್ಟು ಕೇಳ್ತೀನಿ. ಇಳಿಜಾರಿನ ಬುಡ, ತಿರುವು, ಕೆರೆ ಏರಿ, ಈ ಮೂರು ಕಡೆ ಹಾಕಬೇಡಿ. ಹಾಕಿದರೂ ಒಂದೇ ಮಗ್ಗುಲು ಹಾಕಿ, ಇನ್ನೊಂದು ಮಗ್ಗುಲು ಗುಡಿಸಿಡಿ. ಕತ್ತಲಾಗೋ ಮುಂಚೆ ಕಲ್ಲು ಎತ್ತಿ, ಒಂದೂ ಬಿಡಬೇಡಿ.

ಸೈಕಲ್ಲಿನವರಿಗೂ ಒಂದು ಮಾತು, ಈ ಪತ್ರಿಕೆ ಅವರ ಕೈಗೆ ಸಿಕ್ಕರೆ. ಕಾಮಸಮುದ್ರದ ಕಾಡಂಚಿಗೆ ಕೌಂಡಿನ್ಯ ಕಾಡಿನ ಕಡೆಯಿಂದ ಆನೆ ಬರುತ್ತೆ, ನಮ್ಮ ರಾಗಿಗೇ ಬರುತ್ತೆ. ಸೂರ್ಯ ಹುಟ್ಟೋಕೆ ಮುಂಚೆ ಆ ರಸ್ತೆಗೆ ಇಳಿಯಬೇಡಿ. ಕಣದ ಹತ್ತಿರ ನಿಧಾನ ಮಾಡಿ, ಬೈಯಬೇಡಿ, ಸೊಪ್ಪಿನ ಮೇಲೆ ಇಳಿದು ನಡೀರಿ.

ನಮ್ಮ ಕಣ ನೋಡಬೇಕು ಅನ್ನೋ ರೈತರು ಜನವರಿ ಎರಡನೇ ವಾರದೊಳಗೆ ಬನ್ನಿ, ಹಬ್ಬಕ್ಕೆ ಒಕ್ಕಣೆ ಮುಗಿಸಿಬಿಡ್ತೀವಿ. ಮಾರಿಕುಪ್ಪಂ ಗಾಡಿಯಲ್ಲಿ ಬಂದು ಊರಿಗಾಂನಲ್ಲಿ ಇಳೀರಿ. ಬಸ್ಸು ಹೊತ್ತಿಗೊಂದು, ಸೈಕಲ್ ಇದ್ದರೆ ಮುಕ್ಕಾಲು ಗಂಟೆ. ಬರುವಾಗ ಏರು ಜಾಸ್ತಿ.