ಪಟ್ಟಿಯಲ್ಲಿ ಕನ್ನಡ ಇದ್ರೆ ಸಾಲದು

ಅಡಿಕೆ ಕೊಯ್ಲಿನ ನಡುವೆ ಇವತ್ತು ಬೇರೆ ವಿಷಯ. ಬೆಳೆ ವಿಮೆ, ಸಬ್ಸಿಡಿ ಅರ್ಜಿ, ಮಾರುಕಟ್ಟೆ ದರ ಎಲ್ಲಾ ಈಗ ಮೊಬೈಲಲ್ಲೇ. ಭಾಷೆ ಆರಿಸೋ ಜಾಗದಲ್ಲಿ ಕನ್ನಡವೂ ಇರುತ್ತೆ. ಆದ್ರೆ ಎಷ್ಟೋ ಕಡೆ ಮೊದಲ ಪುಟ ಕನ್ನಡ, ಎರಡನೇದು ಅರ್ಧಂಬರ್ಧ, ಅರ್ಜಿ ತಿರಸ್ಕಾರ ಆದಾಗ ಕೆಂಪಕ್ಷರದಲ್ಲಿ ಬರೋ ಕಾರಣ ಮಾತ್ರ ಪೂರ್ತಿ ಇಂಗ್ಲಿಷ್.

ಹೀಗ್ಯಾಕೆ ಆಗುತ್ತೆ ಅಂದ್ರೆ, ವೆಬ್‌ಸೈಟ್ ಕಟ್ಟೋರು ಯಾವ್ಯಾವ ಭಾಷೆ ಅಂತ ಒಂದು ಪಟ್ಟಿ ಇಟ್ಟಿರ್ತಾರೆ. ಒಂದೊಂದಕ್ಕೂ ಎರಡಕ್ಷರದ ಗುರುತು: ಇಂಗ್ಲಿಷಿಗೆ ಇಎನ್, ಹಿಂದಿಗೆ ಎಚ್‌ಐ, ಕನ್ನಡಕ್ಕೆ ಕೆಎನ್. ಪಟ್ಟಿಗೆ ಕೆಎನ್ ಸೇರಿಸೋದು ಒಂದೆರಡು ಸಾಲಿನ ಕೆಲಸ. ನಿಜವಾದ ಕೆಲಸ ಆಮೇಲಿಂದು. ಪ್ರತಿ ಬಟನ್ನಿಗೂ ಪ್ರತಿ ಸೂಚನೆಗೂ ಕನ್ನಡದ ಸಾಲು ಬರೆದಿಡಬೇಕು. ಬರೆಯದೆ ಬಿಟ್ಟ ಕಡೆ ಸಾಮಾನ್ಯವಾಗಿ ಮೂಲದ ಇಂಗ್ಲಿಷ್ ಸಾಲೇ ಬಂದು ಕೂರುತ್ತೆ. ತೋಟದ ತುಂಬ ಡ್ರಿಪ್ ಪೈಪ್ ಎಳೆದು ಮೋಟರ್ ಕೂರಿಸದೆ ಬಿಟ್ಟ ಹಾಗೆ.

ಯಂತ್ರದಿಂದ ಅನುವಾದ ಮಾಡಿಸಿದ್ರೆ ಇನ್ನೊಂದು ತಾಪತ್ರಯ. ಇಂಗ್ಲಿಷಲ್ಲಿ ಕ್ರಾಪ್ ಅಂದ್ರೆ ಬೆಳೆಯೂ ಹೌದು, ಫೋಟೊದ ಅಂಚು ಕತ್ತರಿಸೋದೂ ಹೌದು. ಹಿಂದುಮುಂದಿಲ್ಲದ ಒಂಟಿ ಪದ ಕೊಟ್ರೆ ಯಂತ್ರಕ್ಕೆ ಯಾವುದು ಅಂತ ಹೇಗೆ ಗೊತ್ತಾಗ್ಬೇಕು? ನಮ್ಮ ರಾಶಿ, ಬೆಟ್ಟೆ, ಗೊರಬಲು ಇವನ್ನ ಅನುವಾದಿಸದೆ ಹಾಗೇ ಬಿಡಬೇಕು ಅನ್ನೋದು ಅಡಿಕೆ ಮಂಡಿ ನೋಡಿದವರಿಗೇ ಗೊತ್ತು.

"ಮಕ್ಕಳ ಕೈಗೆ ಕೊಟ್ರೆ ಮಾಡ್ಕೊಡ್ತಾರೆ ಬಿಡಿ" ಅಂತ ಕೆಲವರು ಹೇಳ್ತಾರೆ. ಮಕ್ಕಳು ಮನೇಲಿ ಇರೋರು ಎಷ್ಟು ಜನ? ಉಳಿದೋರು ಫೋನು, ಆಧಾರ್, ಪಾಸ್‌ಬುಕ್, ಕೊನೆಗೆ ಓಟಿಪಿಯನ್ನೂ ಅಂಗಡಿಯವರ ಕೈಗೆ ಕೊಡ್ತಾರೆ. "ಒಪ್ಪಿದ್ದೇನೆ" ಅಂತ ಟಿಕ್ ಹಾಕೋದು ನಾವು, ಓದೋದು ಇನ್ಯಾರೋ. ಅದಕ್ಕೇ ಇದು ಬರೀ ಭಾಷಾಭಿಮಾನದ ಮಾತಲ್ಲ, ನಮ್ಮ ದುಡ್ಡಿನ ಮಾತು.

ನನ್ನ ಅಭಿಪ್ರಾಯ ಇಷ್ಟೇ. ಅನುವಾದ ಶುರು ಮಾಡೋದು ಸ್ವಾಗತದ ಸಾಲಿನಿಂದ ಅಲ್ಲ. ತಿರಸ್ಕಾರದ ಕಾರಣ, ಕೊನೇ ದಿನಾಂಕ, ಒಪ್ಪಿಗೆಯ ಷರತ್ತು ಇವು ಮೊದಲು ಕನ್ನಡ ಆಗ್ಲಿ. ಅಷ್ಟು ಆಗೋವರೆಗೆ ಪಟ್ಟಿಯಲ್ಲಿ ಕನ್ನಡ ತೋರಿಸೋದೇ ಬೇಡ. ತೋರಿಸುವಾಗ ಭಾಷೆಯ ಹೆಸರು ಕನ್ನಡ ಲಿಪಿಯಲ್ಲೇ ಇರ್ಲಿ, ಇಂಗ್ಲಿಷ್ ಓದಕ್ಕೆ ಬರದವರು ಅದನ್ನ ಹುಡುಕೋದು ಹೇಗೆ? ಬಿಡುಗಡೆಗೆ ಮುಂಚೆ ಒಬ್ಬ ರೈತನ ಕೈಲಿ ಓದಿಸಿ.

ನಮ್ಮ ಕಡೆಯಿಂದಲೂ ಎರಡು ಕೆಲಸ ಇದೆ. ಫೋನಿನ ಬ್ರೌಸರ್ ಸೆಟ್ಟಿಂಗಲ್ಲಿ ಕನ್ನಡವನ್ನ ಮೊದಲ ಭಾಷೆ ಮಾಡ್ಕೊಳ್ಳಿ. ಸುಮಾರು ವೆಬ್‌ಸೈಟ್‌ಗಳು ಅದನ್ನ ನೋಡಿಯೇ ಯಾವ ಭಾಷೆ ತೋರಿಸ್ಬೇಕು ಅಂತ ತೀರ್ಮಾನಿಸ್ತವೆ. ಅರ್ಥ ಆಗದ ಸಾಲು ಕಂಡ್ರೆ ಸ್ಕ್ರೀನ್‌ಶಾಟ್ ತೆಗೆದು ದೂರು ಹಾಕಿ. ಒಬ್ಬರು ಹಾಕಿದ್ರೆ ಕಸದ ಬುಟ್ಟಿಗೆ ಹೋಗಬಹುದು, ಊರಿಗೆ ಹತ್ತು ಜನ ಹಾಕಿದ್ರೆ ಯಾರಾದ್ರೂ ಫೈಲ್ ತೆಗೆದು ನೋಡ್ಲೇಬೇಕು.